ಊರಲ್ಲಿ ದಿಢೀರ್ ಹಿಂಸೆ ನಡೆದಾಗ ಸಭೆಯವರು ಏನು ಮಾಡಬೇಕು?

"ನಮ್ಮ ಬೀದಿಯಲ್ಲೇ ಕೊಲೆ ಆಗಿದೆ. ಸಭೆಯಿಂದ ಏನು ಮಾಡೋಣ?" ಈ ಪ್ರಶ್ನೆ ನನಗೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇರುತ್ತದೆ. ಸಭೆ ಅಂದರೆ ಇಲ್ಲಿ ಒಂದು ಚರ್ಚಿಗೆ ಸೇರಿದ ಜನ. ಕೇಳುವವರು ಕೆಲವೊಮ್ಮೆ ಪಾಸ್ಟರ್, ಕೆಲವೊಮ್ಮೆ ಸ್ತ್ರೀಯರ ಕೂಟದ ಕಾರ್ಯದರ್ಶಿ, ಒಮ್ಮೆ ಪಿಯುಸಿ ಓದುವ ಹುಡುಗ. ಪ್ರತಿ ಸಲ ಫೋನಿನಲ್ಲಿ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಚಾಕು ಇರಿತ, ಗುಂಪು ಹಲ್ಲೆ, ಗಲಭೆ, ಬಾಂಬ್, ಯಾವುದೇ ಆಗಲಿ, ಮಾಡಬೇಕಾದ ಕೆಲಸ ಹೆಚ್ಚುಕಮ್ಮಿ ಒಂದೇ. ಕ್ಯಾಥೊಲಿಕರು, ಸಿಎಸ್‌ಐನವರು, ಸ್ವತಂತ್ರ ಸಭೆಯವರು ಯಾರು ಬೇಕಾದರೂ ತಮ್ಮ ಪದ್ಧತಿಗೆ ಹೊಂದಿಸಿಕೊಳ್ಳಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೇ ವಾರಕ್ಕೆ ಯಾರೂ ಇರುವುದಿಲ್ಲ. ಆದ್ದರಿಂದ ನಿಮ್ಮ ಶಕ್ತಿಯನ್ನೆಲ್ಲ ಮೊದಲ ಮೂರು ದಿನದಲ್ಲೇ ಖರ್ಚು ಮಾಡಬೇಡಿ.

ಬೇಕಾಗುವುದು ಇಷ್ಟೇ: ಗಾಬರಿಯಾಗದ ನಾಲ್ಕು ಜನ (ಇಬ್ಬರು ಹೆಂಗಸರು ಇರಲೇಬೇಕು), ಒಂದು ಇನ್ನೂರು ಪುಟದ ನೋಟ್‌ಬುಕ್, ಯಾವಾಗಲೂ ಎತ್ತುವ ಒಂದು ಫೋನ್ ನಂಬರ್, ಚರ್ಚಿನ ಕೀ. ಬ್ಯಾನರ್ ಬೇಡ. ಪಾಸ್ಟರ್ ಫೋಟೊ ಇರುವ ಫ್ಲೆಕ್ಸ್ ಅಂತೂ ಬೇಡವೇ ಬೇಡ.

1. ಮೊದಲ ಕೆಲವು ಗಂಟೆ: ಪ್ರಾರ್ಥನೆಗಿಂತ ಮುಂಚೆ ಫೋನ್

ಗಾಯಾಳು ಇನ್ನೂ ರಸ್ತೆಯಲ್ಲಿದ್ದರೆ 108ಕ್ಕೆ, ಗಲಾಟೆ ಇನ್ನೂ ನಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ. "ಯಾರಾದರೂ ಮಾಡಿರುತ್ತಾರೆ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೀವು ಮಾಡಿ.

ಆಮೇಲೆ ಸುದ್ದಿ ಖಚಿತ ಮಾಡಿಕೊಳ್ಳಿ. ಸತ್ತವರು ಯಾರು, ಗಾಯಾಳುಗಳು ಯಾವ ಆಸ್ಪತ್ರೆಯಲ್ಲಿದ್ದಾರೆ, ಮನೆಯವರಿಗೆ ವಿಷಯ ಗೊತ್ತಾಗಿದೆಯೇ. ಸಭೆಯ ವಾಟ್ಸ್ಯಾಪ್ ಗುಂಪಿಗೆ ಇದು ಮೂರೂ ತಿಳಿಯುವ ಮುಂಚೆ ಒಂದಕ್ಷರ ಹಾಕಬೇಡಿ. ತಾಯಿಗೆ ಮಗ ಹೋದ ಸುದ್ದಿ "ಪ್ರಾರ್ಥನಾ ವಿನಂತಿ" ಅನ್ನುವ ಮೆಸೇಜಿನಿಂದ ಗೊತ್ತಾಗಬಾರದು, ಅಲ್ವಾ? ವಿಡಿಯೊ ಬಂದರೆ ಅಲ್ಲೇ ಡಿಲೀಟ್ ಮಾಡಿ. "ಇಂಥ ಜಾತಿಯವರು ಮಾಡಿದ್ದು, ಇಂಥ ಧರ್ಮದವರು ಮಾಡಿದ್ದು" ಅನ್ನುವ ಧ್ವನಿ ಸಂದೇಶ ಬಂದರೂ ಅಷ್ಟೇ. ಗುಂಪಿನ ಅಡ್ಮಿನ್ ಒಂದು ದಿನದ ಮಟ್ಟಿಗೆ "ಅಡ್ಮಿನ್ ಮಾತ್ರ ಬರೆಯಬಹುದು" ಅಂತ ಸೆಟ್ಟಿಂಗ್ ಬದಲಿಸಿದರೆ ಅರ್ಧ ತಲೆನೋವು ಕಡಿಮೆ.

ಜನ ಸೇರಿಸುವ ಮುಂಚೆ ಠಾಣೆಗೆ ಕೇಳಿ. ಊರಲ್ಲಿ ನಿಷೇಧಾಜ್ಞೆ ಇರಬಹುದು. ನಾವೆಲ್ಲ ರೂಢಿಯಲ್ಲಿ "144" ಅನ್ನುತ್ತೇವಲ್ಲ, ಅದೇ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಅದು 163ನೇ ಸೆಕ್ಷನ್. ಅಂಥ ಹೊತ್ತಿನಲ್ಲಿ ಚರ್ಚ್ ಮುಚ್ಚಿದರೆ ನಂಬಿಕೆ ಕಡಿಮೆ ಅಂತ ಯಾರೂ ತಿಳಿಯಬೇಕಿಲ್ಲ. 2019ರ ಏಪ್ರಿಲ್ 21ರ ಈಸ್ಟರ್ ದಿನ ಶ್ರೀಲಂಕಾದಲ್ಲಿ ಮೂರು ಚರ್ಚುಗಳಲ್ಲಿ ಬಾಂಬ್ ಸಿಡಿಯಿತು. ಮುಂದಿನ ಭಾನುವಾರ ಕೊಲಂಬೊದ ಕಾರ್ಡಿನಲ್ ಮಾಲ್ಕಮ್ ರಂಜಿತ್ ಸಾರ್ವಜನಿಕ ಬಲಿಪೂಜೆಗಳನ್ನು ನಿಲ್ಲಿಸಿ, ತಮ್ಮ ನಿವಾಸದಿಂದ ಟಿವಿಯಲ್ಲಿ ಪೂಜೆ ಅರ್ಪಿಸಿದರು. ಜನ ಮನೆಯಲ್ಲಿ ಕೂತು ಪ್ರಾರ್ಥಿಸಿದರು.

ಇಲ್ಲೊಂದು ತಪ್ಪು ಪದೇಪದೇ ಆಗುತ್ತದೆ. ಒಳ್ಳೆಯ ಮನಸ್ಸಿನಿಂದ ಯುವಜನರು ಬಕೆಟ್, ಪೊರಕೆ ಹಿಡಿದು ರಕ್ತದ ಕಲೆ ತೊಳೆಯಲು ಹೊರಡುತ್ತಾರೆ. ಪೊಲೀಸರು ಮಹಜರು ಮುಗಿಸುವ ತನಕ ಅಲ್ಲಿಯ ಒಂದು ಚಪ್ಪಲಿಯನ್ನೂ ಮುಟ್ಟಬೇಡಿ. ಮಹಜರು ಅಂದರೆ ಸಾಕ್ಷಿಗಳ ಮುಂದೆ ಸ್ಥಳದ ಸ್ಥಿತಿಯನ್ನು ಬರೆದುಕೊಳ್ಳುವುದು. ಗಾಯಾಳುವಿನ ಬಟ್ಟೆಯನ್ನೂ ಒಗೆಯಬೇಡಿ. ಅದು ಸಾಕ್ಷ್ಯ.

2. ಮನೆಗೆ ಹೋಗುವುದು

ಇಬ್ಬರೇ ಹೋಗಿ. ಹದಿನೈದು ಜನ ಟೆಂಪೊದಲ್ಲಿ ಬಂದಿಳಿದರೆ ಆ ಮನೆಯವರೇ ನಿಮಗೆ ಕುರ್ಚಿ ಹುಡುಕಬೇಕಾಗುತ್ತದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ನೆಲದ ಮೇಲೆ ಕೂತುಕೊಳ್ಳಿ. ಮಾತು ಬೇಡ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಸುಮ್ನೆ ಅವನ ಪಕ್ಕ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಕೆಟ್ಟಿದ್ದು ಬಾಯಿ ತೆರೆದ ಮೇಲೆ.

ಈ ಮಾತುಗಳನ್ನು ಮನೆ ಬಾಗಿಲ ಹೊರಗೇ ಬಿಟ್ಟು ಹೋಗಿ: "ದೇವರ ಚಿತ್ತ." "ದೇವರು ಒಳ್ಳೆಯವರನ್ನೇ ಬೇಗ ಕರೆದುಕೊಳ್ಳುತ್ತಾನೆ." "ಅಳಬೇಡಿ, ಅವರು ಪರಲೋಕದಲ್ಲಿದ್ದಾರೆ." "ಇದರಿಂದಲೂ ಏನೋ ಒಳ್ಳೆಯದು ಆಗುತ್ತದೆ."

ಒಂದು ಮನೆಯಲ್ಲಿ ನಾನೇ ನೋಡಿದೆ. ಬಂದವರೊಬ್ಬರು "ದೇವರ ಚಿತ್ತ ಅಮ್ಮಾ" ಅಂದರು. ಆ ತಾಯಿ ಏನೂ ಹೇಳಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ, ತೊಳೆದಿಟ್ಟ ಲೋಟಗಳನ್ನೇ ಮತ್ತೆ ಒಂದೊಂದಾಗಿ ತೊಳೆಯತೊಡಗಿದರು. ನಾವು ಹೊರಡುವ ತನಕ ಆಚೆ ಬರಲಿಲ್ಲ. ಆಮೇಲೆ ಎಷ್ಟೋ ದಿನ ಅವರು ಚರ್ಚಿಗೂ ಬರಲಿಲ್ಲ.

ಹಾಗಾದರೆ ಏನು ಹೇಳಬೇಕು? "ನಾವಿದ್ದೇವೆ ಅಕ್ಕಾ." ಅಷ್ಟು ಸಾಕು. ಅವರು ಮಾತಾಡಿದರೆ ಕೇಳಿ. ಮಾತಾಡದಿದ್ದರೆ ಕೆದಕಬೇಡಿ. "ಏನಾಯಿತು, ಮೊದಲಿಂದ ಹೇಳಿ" ಅಂತ ಬಂದವರೆಲ್ಲ ಕೇಳಿದರೆ, ಆ ಹೆಂಗಸು ಒಂದೇ ದಿನ ಮೂವತ್ತು ಸಲ ಆ ಘಟನೆಯನ್ನು ಮತ್ತೆ ನೋಡಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ: ಈಗಷ್ಟೇ ಪೆಟ್ಟು ತಿಂದವರನ್ನು ಕೂರಿಸಿ ನಡೆದಿದ್ದನ್ನು ಒತ್ತಾಯದಿಂದ ಹೇಳಿಸಬಾರದು. 2011ರಲ್ಲಿ ಅದು ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯ ಸಾರ ಮೂರೇ ಮಾತು. ನೋಡಿ, ಕೇಳಿಸಿಕೊಳ್ಳಿ, ಸಹಾಯ ಸಿಗುವ ಕಡೆಗೆ ಜೋಡಿಸಿ. ಇದಕ್ಕೆ ಡಾಕ್ಟರೇ ಬೇಕಾಗಿಲ್ಲ.

ಪ್ರಾರ್ಥನೆ ಮಾಡುವ ಮುಂಚೆ ಕೇಳಿ. "ಚಿಕ್ಕದಾಗಿ ಪ್ರಾರ್ಥನೆ ಮಾಡಬಹುದಾ?" ಬೇಡ ಅಂದರೆ ಬೇಡ. ಮನೆಯವರು ಹಿಂದೂಗಳೋ ಮುಸ್ಲಿಮರೋ ಆಗಿದ್ದರೆ ಇನ್ನೂ ಎಚ್ಚರ ಬೇಕು. ಅಲ್ಲಿ ಅನ್ನ, ನೀರು, ಆಸ್ಪತ್ರೆಗೆ ಹೋಗಲು ಗಾಡಿ ಕೊಡಿ. ಪ್ರಾರ್ಥನೆ ನಿಮ್ಮ ಮನೆಯಲ್ಲಿ ಮಾಡಿ. ಕರಪತ್ರ, ಹೊಸ ಒಡಂಬಡಿಕೆ ಪುಸ್ತಕ ಒಯ್ಯಬೇಡಿ. ಸಾವಿನ ಮನೆ ಸುವಾರ್ತೆ ಸಾರುವ ಜಾಗವಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇದನ್ನು ಒಪ್ಪದ ಹಿರಿಯರೂ ಇದ್ದಾರೆ. ಅವರನ್ನು ಆ ಮನೆಗೆ ಕಳಿಸಬೇಡಿ.

3. ಪ್ರಾರ್ಥನಾ ಕೂಟ ನಡೆಸುವುದು

ಎಲ್ಲರೂ ಜಾಸ್ತಿ ಕೇಳುವುದು ಇದನ್ನೇ. ಎರಡನೇ ಅಥವಾ ಮೂರನೇ ದಿನದ ಸಂಜೆ, ಚರ್ಚಿನ ಒಳಗೆ ಇಟ್ಟುಕೊಳ್ಳಿ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಹೊರಗೆ ಮೈಕ್ ಹಾಕಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಹೇಗೂ ನಿಷೇಧವಿದೆ. ಇಂಥ ಹೊತ್ತಿನಲ್ಲಿ ಸಂಜೆ ಏಳಕ್ಕೂ ಬೇಡ. ಗಂಟೆ ಹೊಡೆಯಬಹುದು. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ 2015ರ ಜೂನ್ 17ರ ಬುಧವಾರ ರಾತ್ರಿ ಇಮ್ಯಾನುಯೆಲ್ ಚರ್ಚಿನ ಸತ್ಯವೇದ ಅಧ್ಯಯನಕ್ಕೆ ಬಂದಿದ್ದ ಒಂಬತ್ತು ಜನರನ್ನು ಒಬ್ಬ ಗುಂಡಿಟ್ಟು ಕೊಂದ. ಆ ಭಾನುವಾರವೇ ಅಲ್ಲಿ ಮತ್ತೆ ಆರಾಧನೆ ನಡೆಯಿತು, ಊರಿನ ಚರ್ಚುಗಳ ಗಂಟೆಗಳು ಒಟ್ಟಿಗೆ ಬಾರಿಸಿದವು. ಗಂಟೆಗೆ ಭಾಷಣದ ಅಗತ್ಯವಿಲ್ಲ.

ಹಿಂಸೆ ನಡೆದಿದ್ದು ಚರ್ಚಿನೊಳಗೇ ಆದರೆ ಮೊದಲು ಬಿಷಪರನ್ನು ಕೇಳಿ. ಕ್ಯಾಥೊಲಿಕ್ ನಿಯಮದ ಪ್ರಕಾರ ಅಪವಿತ್ರವಾದ ದೇವಾಲಯದಲ್ಲಿ ಪ್ರಾಯಶ್ಚಿತ್ತದ ವಿಧಿ ಮುಗಿಯುವ ತನಕ ಪೂಜೆ ನಡೆಸುವಂತಿಲ್ಲ.

ಕೂಟದ ಕ್ರಮ ಹೀಗಿರಲಿ. ಮೊದಲು ಎಲ್ಲರೂ ಎರಡು ನಿಮಿಷ ಮೌನ. ಗಡಿಯಾರ ನೋಡಿಕೊಂಡು ಮಾಡಿ, ಎರಡು ನಿಮಿಷ ಅಂದರೆ ನೀವು ಅಂದುಕೊಂಡಿದ್ದಕ್ಕಿಂತ ಉದ್ದ. ಆಮೇಲೆ ಸತ್ಯವೇದದಿಂದ ಒಂದು ಕೀರ್ತನೆ ಓದಿ. ಇಲ್ಲಿ ತುಂಬ ಜನ ಎಡವುತ್ತಾರೆ. ಸ್ತೋತ್ರದ ಕೀರ್ತನೆ ಓದಿ, ಚಪ್ಪಾಳೆಯ ಹಾಡು ಹಾಡಿಸುತ್ತಾರೆ. ಆ ದಿನಕ್ಕೆ ಬೇಕಾಗಿರುವುದು ಪ್ರಲಾಪ, ಅಂದರೆ ದೇವರ ಮುಂದೆಯೇ ಗೋಳಾಡುವುದು. ಸತ್ಯವೇದದಲ್ಲಿ ಅದಕ್ಕೆಂದೇ ಒಂದು ಪುಸ್ತಕವಿದೆ, ಕೀರ್ತನೆಗಳಲ್ಲೂ ಅದು ಸಿಗುತ್ತದೆ. 13ನೇ ಕೀರ್ತನೆಗೆ ಆರೇ ವಚನ, ಅದರಲ್ಲಿ "ಎಷ್ಟರ ತನಕ" ಅನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. 22ನೆಯದು ಯೇಸು ಶಿಲುಬೆಯ ಮೇಲೆ ಕೂಗಿದ ಮಾತಿನಿಂದಲೇ ಶುರುವಾಗುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಮಾತೂ ಇಲ್ಲ. ನನ್ನನ್ನು ಕೇಳಿದರೆ ಮೊದಲ ಕೂಟಕ್ಕೆ 13. ಮನೆಯವರೇ ಬಂದು ಕೂತಿದ್ದರೆ 88 ಸ್ವಲ್ಪ ಭಾರ. 137ನೆಯದನ್ನು ಓದುವುದಾದರೆ ಕೊನೆಯ ವಚನಗಳನ್ನು ಮೊದಲೇ ಒಮ್ಮೆ ನೋಡಿಕೊಳ್ಳಿ. ಊರು ಕುದಿಯುತ್ತಿರುವಾಗ, ಮಕ್ಕಳ ಮುಂದೆ, ಆ ಸೇಡಿನ ಸಾಲುಗಳು ಬೇಡ.

ಓದಿದ ಮೇಲೆ ಸತ್ತವರ ಹೆಸರು ಹೇಳಿ, ಒಂದೊಂದು ಹೆಸರಿಗೆ ಒಂದೊಂದು ಮೇಣದ ಬತ್ತಿ. ಎಲ್ಲ ಧರ್ಮದವರ ಹೆಸರೂ ಬರಲಿ. ಉಚ್ಚಾರ ಗೊತ್ತಿಲ್ಲದಿದ್ದರೆ ಮನೆಯವರನ್ನು ಮೊದಲೇ ಕೇಳಿಕೊಳ್ಳಿ. ಹೆಸರು ಹೇಳಲು ಮನೆಯವರ ಒಪ್ಪಿಗೆ ಬೇಕು. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಹೆಸರು, ಮನೆ, ಶಾಲೆ ಯಾವುದನ್ನೂ ಹೇಳುವಂತಿಲ್ಲ. ಗುರುತು ಬಹಿರಂಗಪಡಿಸುವುದು ಕಾನೂನಿನಲ್ಲಿ ಅಪರಾಧ, ಪ್ರಾರ್ಥನೆಯಲ್ಲಿ ಹೇಳಿದೆ ಅಂದರೆ ರಿಯಾಯಿತಿ ಇಲ್ಲ.

ಆಮೇಲೆ ವಿಜ್ಞಾಪನಾ ಪ್ರಾರ್ಥನೆ, ಅಂದರೆ ಬೇರೆಯವರಿಗಾಗಿ ಬೇಡಿಕೊಳ್ಳುವುದು. "ಯಾರು ಬೇಕಾದರೂ ಪ್ರಾರ್ಥಿಸಬಹುದು" ಅಂತ ಬಿಟ್ಟರೆ ಯಾರೋ ಒಬ್ಬರು ಇಪ್ಪತ್ತು ನಿಮಿಷ ರಾಜಕೀಯ ಪ್ರಾರ್ಥಿಸುತ್ತಾರೆ. ಇಬ್ಬರಿಗೆ ಮೊದಲೇ ಹೇಳಿಡಿ, ಬರೆದುಕೊಂಡು ಬರಲಿ. ಹೀಗೊಂದು ನಮೂನೆ ಇಟ್ಟುಕೊಳ್ಳಿ, ನಿಮ್ಮ ಊರಿನ ಮಾತಿಗೆ ಬದಲಿಸಿಕೊಳ್ಳಿ:

"ತಂದೆಯೇ, ನಮಗೆ ಮಾತು ಬರುತ್ತಿಲ್ಲ. ಬೆಳಿಗ್ಗೆ ಇದ್ದವರು ಸಂಜೆಗೆ ಇಲ್ಲ. ಯಾಕೆ ಅಂತ ನಮಗೆ ಗೊತ್ತಿಲ್ಲ; ಗೊತ್ತಿರುವವರ ಹಾಗೆ ನಿನ್ನ ಮುಂದೆ ನಟಿಸುವುದೂ ಇಲ್ಲ. ಈ ಮನೆಯವರನ್ನು ಈ ರಾತ್ರಿ ಒಂಟಿಯಾಗಿ ಬಿಡಬೇಡ. ಆಸ್ಪತ್ರೆಯಲ್ಲಿ ಮಲಗಿರುವವರ ಹಾಸಿಗೆಯ ಪಕ್ಕ ನೀನಿರು. ನಮ್ಮ ಬೀದಿಯಲ್ಲಿ ಇನ್ನೊಂದು ಕೈ ಮೇಲೇಳದ ಹಾಗೆ ತಡೆ. ನಮ್ಮ ಸಿಟ್ಟನ್ನು ನಿನ್ನ ಹತ್ತಿರ ತಂದಿದ್ದೇವೆ, ಅದನ್ನು ನೀನೇ ಇಟ್ಟುಕೋ. ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್."

ಕೊನೆಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಲ್ಲರೂ ಒಟ್ಟಿಗೆ. ಬಾಯಿಪಾಠ ಇರುವ ಪ್ರಾರ್ಥನೆ ಇಂಥ ಹೊತ್ತಿಗೇ ಉಪಯೋಗಕ್ಕೆ ಬರುವುದು. ಮಾತು ಸಿಗದವರಿಗೂ ತುಟಿ ಅಲ್ಲಾಡಿಸಲು ಏನೋ ಸಿಗುತ್ತದೆ. ಆಶೀರ್ವಾದ, ಮುಗಿಯಿತು. ಪ್ರಸಂಗ ಬೇಡ. ಕಾಣಿಕೆ ತಟ್ಟೆ ಅವತ್ತು ಹಿಡಿಯಬೇಡಿ. ಬಾಗಿಲ ಹತ್ತಿರ ಟೀ ಇರಲಿ. ಜನ ಮನಸ್ಸು ಬಿಚ್ಚುವುದು ಒಳಗಲ್ಲ, ಆ ಫ್ಲಾಸ್ಕಿನ ಸುತ್ತ. ಆ ನಾಲ್ಕು ಜನರಲ್ಲಿ ಇಬ್ಬರು ಅಲ್ಲೇ ನಿಂತಿರಲಿ.

4. ಆಸ್ಪತ್ರೆ, ಠಾಣೆ, ಸ್ಮಶಾನ

ಮನೆಯವರಿಗೆ ಆ ಹೊತ್ತಿನಲ್ಲಿ ಪೇಪರ್ ಹಿಡಿಯುವ ಶಕ್ತಿ ಇರುವುದಿಲ್ಲ. ಸಭೆಯಿಂದ ಒಬ್ಬರು ಪೂರ್ತಿ ಇದಕ್ಕೇ ಇರಲಿ. ಶವಾಗಾರದ ಮುಂದೆ ಅವರ ಜೊತೆ ಕಾಯುವುದು, ಆಧಾರ್ ಜೆರಾಕ್ಸ್ ಮಾಡಿಸುವುದು, ಪೋಸ್ಟ್‌ಮಾರ್ಟಂ ಮುಗಿದ ಮೇಲೆ ಗಾಡಿ ಹಿಡಿಯುವುದು.

ಎಫ್‌ಐಆರ್, ಅಂದರೆ ಪೊಲೀಸರ ಮೊದಲ ದಾಖಲೆ, ಅದರ ಪ್ರತಿಯನ್ನು ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ. ತನಿಖೆ ಎಲ್ಲಿಗೆ ಬಂತು ಅನ್ನುವುದನ್ನು 90 ದಿನದೊಳಗೆ ಅವರಿಗೆ ತಿಳಿಸಬೇಕು ಅಂತಲೂ ಹೊಸ ಕಾನೂನು ಹೇಳುತ್ತದೆ.

ಪರಿಹಾರದ ವಿಷಯ ತುಂಬ ಜನಕ್ಕೆ ಗೊತ್ತೇ ಇಲ್ಲ. ಅಪರಾಧಕ್ಕೆ ಬಲಿಯಾದವರಿಗೆ, ಅವರನ್ನು ನಂಬಿಕೊಂಡಿದ್ದವರಿಗೆ ಸರ್ಕಾರದ ಪರಿಹಾರ ಯೋಜನೆ ಇದೆ. ಅರ್ಜಿ ಹಾಕಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಆರೋಪಿ ಯಾರು ಅಂತ ಪತ್ತೆಯೇ ಆಗದಿದ್ದರೂ ಅರ್ಜಿ ಹಾಕಬಹುದು. ಸಂದೇಹವಿದ್ದರೆ ಉಚಿತ ಕಾನೂನು ನೆರವಿನ ಸಂಖ್ಯೆ 15100.

ಹಾನಿಯಾಗಿದ್ದು ಚರ್ಚಿಗೇ ಆದರೆ ಪ್ರತಿಯೊಂದರ ಫೋಟೊ, ತಾರೀಕು, ರಶೀದಿ ಒಂದು ಫೈಲಿನಲ್ಲಿಡಿ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತು ಸುತ್ತಲಿನ ಚರ್ಚುಗಳ ಮೇಲೆ ದಾಳಿ ನಡೆದಾಗ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಕವಾಯಿತು. ಅದರ ಅಂತಿಮ ವರದಿ ಬಂದಿದ್ದು 2011ರ ಜನವರಿಯಲ್ಲಿ. ಅಷ್ಟು ದಿನ ನೆನಪನ್ನು ನೆಚ್ಚಿಕೊಂಡು ಕೂರಲಾಗುವುದಿಲ್ಲ.

ಅಂತ್ಯಕ್ರಿಯೆ ಮನೆಯವರ ಇಷ್ಟದಂತೆ. ಯಾರು ಮಾತಾಡಬೇಕು, ಟಿವಿಯವರು ಬರಬಹುದೇ, ಪೆಟ್ಟಿಗೆ ತೆರೆದಿಡಬೇಕೇ, ಎಲ್ಲ ಅವರೇ ಹೇಳಲಿ. ಮುಖಂಡರು ಬಂದರೆ ಕೂರಿಸಿ, ಮೈಕ್ ಕೊಡಬೇಡಿ.

5. ಹಣ

ಜಗಳ ಶುರುವಾಗುವುದೇ ಇಲ್ಲಿ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಯಾರದೋ ಸ್ವಂತ ಫೋನ್‌ಪೇ ನಂಬರಿಗೆ ಹಣ ತರಿಸಬೇಡಿ. ಸಭೆಯ ಬ್ಯಾಂಕ್ ಖಾತೆ ಅಥವಾ ನೇರವಾಗಿ ಮನೆಯವರ ಖಾತೆ. ಮೂವರ ಸಮಿತಿ ಇರಲಿ, ಒಬ್ಬರು ಸಭೆಯ ಹೊರಗಿನವರಾದರೆ ಒಳ್ಳೆಯದು. ಬಂದಿದ್ದೆಷ್ಟು, ಕೊಟ್ಟಿದ್ದೆಷ್ಟು ಅಂತ ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಚ್ಚಿ.

ದುಬೈ, ಕುವೈತ್, ಅಮೆರಿಕದಲ್ಲಿರುವ ನಮ್ಮವರು ಕೂಡಲೇ "ನಂಬರ್ ಕಳಿಸಿ" ಅನ್ನುತ್ತಾರೆ. ಇಲ್ಲಿ ಎಫ್‌ಸಿಆರ್‌ಎ ಅನ್ನುವ ಕಾನೂನು ನೆನಪಿರಲಿ. ಅದು ವಿದೇಶಿ ದೇಣಿಗೆಯ ನಿಯಂತ್ರಣ ಕಾಯ್ದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಆದರೆ ಅವರು ಅಲ್ಲಿಯ ಪೌರತ್ವ ಪಡೆದಿದ್ದರೆ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ಅಲ್ಲಿಯ ಚರ್ಚ್ ಕಳಿಸಿದರೂ ಅಷ್ಟೇ. ನಿಮ್ಮ ಸಂಸ್ಥೆಗೆ ನೋಂದಣಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

6. ಮಕ್ಕಳು

ಸಂಡೇ ಸ್ಕೂಲ್ ರಜೆ ಕೊಡಬೇಡಿ. ಮಕ್ಕಳಿಗೆ ಆ ವಾರ ಎಂದಿನ ಟೀಚರ್, ಎಂದಿನ ಬೆಂಚು ಬೇಕು. ಕೇಳಿದ್ದಕ್ಕೆ ಮಾತ್ರ, ನಿಜವನ್ನೇ, ಚಿಕ್ಕದಾಗಿ ಹೇಳಿ. "ಅಂಕಲ್ ನಿದ್ದೆ ಮಾಡುತ್ತಿದ್ದಾರೆ" ಅಂದರೆ ಆ ರಾತ್ರಿ ಮಗುವಿಗೆ ಮಲಗಲು ಹೆದರಿಕೆ. "ಯೇಸಪ್ಪ ಕರೆದುಕೊಂಡರು" ಅಂದರೆ ಯೇಸುವನ್ನೇ ಕಂಡು ಹೆದರಿಕೆ. "ಒಬ್ಬರು ಹೊಡೆದರು, ಅವರು ತೀರಿಕೊಂಡರು, ಅದು ತಪ್ಪು, ನಿನ್ನ ಜೊತೆ ನಾವಿದ್ದೇವೆ" ಅನ್ನಿ. ಬಣ್ಣದ ಪೆನ್ಸಿಲ್ ಕೊಡಿ. ಏನನ್ನು ಬರೆದರೂ ಗೋಡೆಗೆ ಅಂಟಿಸಬೇಡಿ, ಫೋಟೊ ತೆಗೆಯಬೇಡಿ. ಮಗುವಿಗೆ ಯಾರಿಂದಾದರೂ ತೊಂದರೆ ಇದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098.

7. ಕ್ಷಮೆಯ ಮಾತು

"ಕ್ರೈಸ್ತರಲ್ವಾ, ಕ್ಷಮಿಸಿಬಿಡಿ" ಅಂತ ಮನೆಯವರಿಗೆ ನೀವು ಹೇಳಬೇಡಿ. ಹೇಳುವ ಹಕ್ಕು ನಿಮಗಿಲ್ಲ.

ಇಲ್ಲಿ ಎಲ್ಲರೂ ಅಮೆರಿಕದ ಆಮಿಶ್ ಜನರ ಉದಾಹರಣೆ ಕೊಡುತ್ತಾರೆ. ಹಳೆಯ ಕಾಲದ ಹಾಗೆ ಸರಳವಾಗಿ ಬದುಕುವ ಕ್ರೈಸ್ತ ಸಮುದಾಯ ಅದು. 2006ರ ಅಕ್ಟೋಬರ್ 2ರಂದು ಪೆನ್ಸಿಲ್ವೇನಿಯಾದ ನಿಕಲ್ ಮೈನ್ಸ್‌ನಲ್ಲಿ ಒಬ್ಬ ಅವರ ಶಾಲೆಗೆ ನುಗ್ಗಿ ಹತ್ತು ಹುಡುಗಿಯರ ಮೇಲೆ ಗುಂಡು ಹಾರಿಸಿದ. ಐವರು ಸತ್ತರು. ಅವನೂ ಅಲ್ಲೇ ಗುಂಡು ಹಾರಿಸಿಕೊಂಡು ಸತ್ತ. ಅವತ್ತೇ ಕೆಲವು ಆಮಿಶ್ ಗಂಡಸರು ಅವನ ಹೆಂಡತಿಯ ಮನೆಗೆ ಹೋಗಿ ಮಾತಾಡಿಸಿದರು. ಅವನನ್ನು ಮಣ್ಣು ಮಾಡುವಾಗ ಬಂದಿದ್ದವರಲ್ಲಿ ಅರ್ಧದಷ್ಟು ಜನ ಆಮಿಶರೇ. ದೇಣಿಗೆ ಹರಿದುಬಂದಾಗ ಅದನ್ನು ನೋಡಿಕೊಳ್ಳಲು ಸಮಿತಿ ಮಾಡಿದರು, ಅದರಲ್ಲಿ ಒಂದು ಪಾಲು ಅವನ ಹೆಂಡತಿ ಮಕ್ಕಳಿಗೂ ಕೊಟ್ಟರು. ಹತ್ತು ದಿನಕ್ಕೆ ಆ ಶಾಲೆಯನ್ನು ಕೆಡವಿ ಜಾಗವನ್ನು ಹುಲ್ಲಿಗೆ ಬಿಟ್ಟರು. ಬೇರೆ ಕಡೆ ಹೊಸ ಶಾಲೆ 2007ರ ಏಪ್ರಿಲ್ 2ಕ್ಕೆ ತೆರೆಯಿತು.

ಇದನ್ನು ಪ್ರಸಂಗದಲ್ಲಿ ಹೇಳುವವರು ಒಂದನ್ನು ಮರೆಯುತ್ತಾರೆ. ಅವರಿಗೆ ಯಾರೂ ಹೊರಗಿನಿಂದ ಬಂದು ಕ್ಷಮಿಸಿ ಅಂತ ಹೇಳಿರಲಿಲ್ಲ. ತಲೆಮಾರುಗಳಿಂದ ದಿನಾ ಅಭ್ಯಾಸ ಮಾಡಿದ್ದು ಆ ದಿನ ಹೊರಗೆ ಬಂತು. ನಿಮ್ಮ ಸಭೆಯಲ್ಲಿ ಮಗನನ್ನು ಕಳೆದುಕೊಂಡ ತಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಶಿಕ್ಷೆ ಬೇಕು ಅಂದರೆ, ಅವರ ನಂಬಿಕೆ ಕಡಿಮೆಯಾಗಿಲ್ಲ. ಕ್ಷಮೆಯ ಹೆಸರಲ್ಲಿ ಕೇಸು ವಾಪಸ್ ತೆಗೆಸಲು ಯಾರಾದರೂ ಒತ್ತಡ ಹಾಕಿದರೆ ಸಭೆ ಮನೆಯವರ ಪರ ನಿಲ್ಲಬೇಕು.

ಆಮಿಶರಿಂದ ಕಲಿಯಬಹುದಾದದ್ದು ಬೇರೆ ಇದೆ. ಆರೋಪಿಯ ತಾಯಿ, ಹೆಂಡತಿ, ಮಕ್ಕಳು ಅದೇ ಊರಲ್ಲಿ ಇರುತ್ತಾರೆ. ಅವರ ಮನೆ ಮೇಲೆ ಕಲ್ಲು ಬೀಳಬಾರದು, ಅವರ ಮಗು ಸ್ಕೂಲ್ ಬಿಡಬಾರದು. ಅಲ್ಲಿಗೂ ಇಬ್ಬರು ಹೋಗಲಿ. ಸತ್ತವರ ಮನೆಗೆ ಹೋದವರೇ ಹೋಗುವುದು ಬೇಡ, ಬೇರೆ ಇಬ್ಬರು. ಸದ್ದಿಲ್ಲದೆ.

8. ಮೂರನೇ ವಾರದಿಂದ ಮುಂದೆ

ಈಗ ಆ ನೋಟ್‌ಬುಕ್ ತೆಗೆಯಿರಿ. ಒಂದು ಪುಟಕ್ಕೆ ಒಂದು ಮನೆ. ನಾಲ್ಕು ಕಾಲಂ: ತಾರೀಕು, ಯಾರು ಹೋದರು, ಏನು ಬೇಕಾಗಿದೆ, ಮುಂದೆ ಯಾರು ಯಾವಾಗ. "ಏನಾದರೂ ಬೇಕಾದರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಗುರುವಾರ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ನಾನು ತರುತ್ತೇನೆ" ಅನ್ನಿ. ಮೊದಲ ವಾರ ಆ ಮನೆಯಲ್ಲಿ ಹಳಸುವಷ್ಟು ಬಿರಿಯಾನಿ ಇರುತ್ತದೆ. ನಲವತ್ತನೇ ದಿನ ಅಕ್ಕಿ ಇರುವುದಿಲ್ಲ.

ನಿದ್ದೆ ಬರದಿರುವುದು, ಸದ್ದಿಗೆ ಬೆಚ್ಚಿಬೀಳುವುದು, ಆ ರಸ್ತೆಗೇ ಹೋಗಲಾಗದಿರುವುದು ಮೊದಲ ಕೆಲವು ವಾರ ಸಹಜ. ಒಂದು ತಿಂಗಳು ದಾಟಿದರೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ತಿಂಗಳು ಕಾಯಬೇಡಿ, ಅವತ್ತೇ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದರ ಹಿಂದೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದೆ. "ಪ್ರಾರ್ಥನೆ ಮಾಡಿದರೆ ಸಾಕು, ಮಾತ್ರೆ ಬೇಡ" ಅನ್ನುವ ಹಿರಿಯರು ನಿಮ್ಮಲ್ಲಿದ್ದರೆ, ಅವರ ಬಿಪಿ ಮಾತ್ರೆ ಬಗ್ಗೆ ಮೆಲ್ಲಗೆ ವಿಚಾರಿಸಿ.

ಪಾಸ್ಟರನ್ನೂ ಮರೆಯಬೇಡಿ. ಶವ ನೋಡಿ, ಮಣ್ಣು ಮಾಡಿ, ಮನೆಮನೆ ತಿರುಗಿ, ಭಾನುವಾರ ಮತ್ತೆ ವೇದಿಕೆ ಹತ್ತಿದವರು ಅವರು. ಒಂದು ಭಾನುವಾರ ಬೇರೆಯವರು ಪ್ರಸಂಗ ಮಾಡಲಿ, ಅವರು ಹೆಂಡತಿ ಮಕ್ಕಳ ಜೊತೆ ಹಿಂದಿನ ಬೆಂಚಿನಲ್ಲಿ ಕೂರಲಿ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಕುಗಳನ್ನು ಬರೆದಿಡಿ. ಸತ್ತವರ ಹುಟ್ಟುಹಬ್ಬ, ಮದುವೆಯ ದಿನ, ಮೊದಲ ಕ್ರಿಸ್ಮಸ್, ವರ್ಷದ ದಿನ. ಕೋರ್ಟಿನ ತಾರೀಕುಗಳೂ ಇರಲಿ. ಮುಂದೂಡಿ ಮುಂದೂಡಿ ಅವು ವರ್ಷಗಟ್ಟಲೆ ಹೋಗುತ್ತವೆ, ಪ್ರತಿ ಸಲವೂ ಆ ಮನೆಯವರು ಕಾರಿಡಾರಿನಲ್ಲಿ ಆರೋಪಿಯ ಕಡೆಯವರ ಎದುರೇ ನಿಲ್ಲಬೇಕು. ಪ್ರತಿ ತಾರೀಕಿಗೂ ಸಭೆಯಿಂದ ಒಬ್ಬರು ಹೋಗಿ. ನೀರಿನ ಬಾಟಲಿ, ಬಿಸ್ಕತ್ತು, ಒಂದು ಛತ್ರಿ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತೂವರೆಗೆ ಅಲ್ಲಿರಿ.